ಶೆಡ್ಡಿನ ಹಳೇ ಪುಡಿ ಬಳಸಬೇಡಿ

ನಮಸ್ಕಾರ್ರೀ. ನಿನ್ನೆ ಮುಧೋಳದ ಕಡೆ ನಮ್ಮ ಸದಸ್ಯರೊಬ್ಬರ ಕೋಳಿ ಶೆಡ್ಡಿಗೆ ಹೋಗಿದ್ದೆ. ಫೀಡ್ ಚೀಲದ ಹಿಂದೆ ಧೂಳು ಹಿಡಿದ ಪುಡಿ ಪಾಕೀಟು. ಹಿಂಬದಿ ಸಣ್ಣಕ್ಷರದಲ್ಲಿ ‘ಕೊಲಿಸ್ಟಿನ್ ಸಲ್ಫೇಟ್’ ಅಂತಿತ್ತು. ಕೋಳಿಗೆ ಇದನ್ನು ಕೊಡುವುದನ್ನು ಸರ್ಕಾರ 2019ರಲ್ಲೇ ನಿಷೇಧಿಸಿದೆ.

ಇದು ಬ್ಯಾಕ್ಟೀರಿಯಾ ಕೊಲ್ಲುವ ಹಳೇ ಔಷಧಿ, ಆಂಟಿಬಯೋಟಿಕ್. ಕಿಡ್ನಿಗೆ ಪೆಟ್ಟು ಅಂತ ಡಾಕ್ಟರು ಬದಿಗಿಟ್ಟಿದ್ದರು. ಈಗ ಐಸಿಯುನಲ್ಲಿ ಬೇರೆ ಯಾವುದೂ ನಾಟದಿದ್ದಾಗ ಇದೇ ಗತಿ. ಬ್ಯಾಕ್ಟೀರಿಯಾದ ಹೊರಪದರಕ್ಕೆ ಅಂಟಿಕೊಂಡು ಅದನ್ನು ಒಡೆಯುತ್ತದೆ. ಕೋಳಿಗೆ ದಿನಾ ಸ್ವಲ್ಪ ಸ್ವಲ್ಪ ಹಾಕಿದರೆ ಅದರ ಕರುಳಲ್ಲಿ ಈ ಔಷಧಿ ತಡೆದುಕೊಂಡ ಬ್ಯಾಕ್ಟೀರಿಯಾಗಳೇ ಉಳಿದು ಬೆಳೆಯುತ್ತವೆ. ಅವುಗಳ ಪದರಕ್ಕೆ ಔಷಧಿ ಸರಿಯಾಗಿ ಅಂಟುವುದೇ ಇಲ್ಲ. ಹೀಗೆ ತಡೆದುಕೊಳ್ಳುವ ಶಕ್ತಿ ಕೊಡುವ, 2015ರಲ್ಲಿ ಚೀನಾದಲ್ಲಿ ಸಿಕ್ಕ ಎಂಸಿಆರ್-1 ಜೀನ್ ಅಂತೂ ಪುಟ್ಟ ಡಿಎನ್‌ಎ ಬಳೆಯ ಮೇಲೆ ಕೂತು ಪಕ್ಕದ ಬ್ಯಾಕ್ಟೀರಿಯಾಕ್ಕೂ ದಾಟುತ್ತದೆ. ಜಾಸ್ತಿ ಭಯ ಅದೇ.

ಪಾಕೀಟು ಇದ್ದರೆ ಫೋಟೋ ಹಾಕಿ. ಸುಮ್ನೆ ಚರಂಡಿಗೆ ಸುರಿಯಬೇಡಿ, ಪಶು ವೈದ್ಯರನ್ನು ಕೇಳೋಣ.