ಬರದ ಮಾತಿನಲ್ಲಿ ಕೂಲಿಯವರೂ ಇರಲಿ

ಸಂಪಾದಕರಿಗೆ,

ಮಾನ್ಯರೇ,

ಬರದ ಸುದ್ದಿ ಪತ್ರಿಕೆಯ ಒಂದು ಪುಟದಲ್ಲಿ ಬರುತ್ತದೆ, ಕಾರ್ಮಿಕರ ಸುದ್ದಿ ಇನ್ನೊಂದು ಪುಟದಲ್ಲಿ. ಆದರೆ ಎರಡೂ ಒಂದೇ ಮನೆಯ ಸುದ್ದಿ ಅಲ್ವಾ? ನಮ್ಮ ರಾಯಚೂರು ಕಡೆ ಹೊಲ ಒಣಗಿದ ವರ್ಷ ಅಣ್ಣ ಬೆಳೆ ಪರಿಹಾರಕ್ಕೆ ಕಾಯುತ್ತಾ ಊರಲ್ಲಿ ಕೂತಿರುತ್ತಾನೆ. ತಮ್ಮ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಕೆಲಸದಲ್ಲಿರುತ್ತಾನೆ. ಇವರಿಬ್ಬರ ಪಾಡನ್ನೂ ಒಂದೇ ಭಾಷಣದಲ್ಲಿ ಹೇಳಿದ ಒಬ್ಬ ನಾಯಕರನ್ನು ನೆನಪಿಸಲು ಈ ಪತ್ರ.

1936ರ ಸೆಪ್ಟೆಂಬರ್ 6, ಭಾನುವಾರ. ಅಮೆರಿಕದ ಅಧ್ಯಕ್ಷ ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್ ಅವತ್ತು ರೇಡಿಯೊದಲ್ಲಿ ಜನರೊಂದಿಗೆ ಮಾತಾಡಿದರು. ಮಾರನೇ ದಿನ ಅಲ್ಲಿ ಕಾರ್ಮಿಕರ ದಿನ. ಒಂಬತ್ತು ರಾಜ್ಯಗಳ ಬರವನ್ನು ಕಣ್ಣಾರೆ ಕಂಡು ಅವರು ಆಗಷ್ಟೇ ವಾಪಸ್ ಬಂದಿದ್ದರು. ಕಂಡದ್ದನ್ನು ಕಂಡ ಹಾಗೆ ಹೇಳಿದರು. ಗೋಧಿ ಹೋಯಿತು, ಮೆಕ್ಕೆಜೋಳ ಹೋಯಿತು, ದನ ಹೋದವು, ಬಾವಿಯ ನೀರೂ ಹೋಯಿತು, ಕೈಯಲ್ಲಿ ಒಂದು ಡಾಲರ್ ಇಲ್ಲ, ಮುಂದಿನ ಬಿತ್ತನೆಗೆ ಬೀಜವೂ ಇಲ್ಲ ಎಂಬ ಕುಟುಂಬಗಳನ್ನು ಮಾತಾಡಿಸಿ ಬಂದೆ ಎಂದರು. ಬಿಸಿಲು ಉಳಿಸಿದ್ದನ್ನು ಮಿಡತೆ ತಿಂದಿತ್ತು.

ನನಗೆ ಬಹಳ ಹಿಡಿಸಿದ್ದು ಅದರ ಮುಂದಿನ ಮಾತು. ನ್ಯೂಯಾರ್ಕಿನಲ್ಲಿ ಬಟ್ಟೆ ಹೊಲಿಯುವವರು, ಪಿಟ್ಸ್‌ಬರ್ಗಿನ ಉಕ್ಕಿನ ಕಾರ್ಖಾನೆಯವರು, ಡೆಟ್ರಾಯಿಟಿನಲ್ಲಿ ಕಾರು ಮಾಡುವವರು, ಇವರೆಲ್ಲರ ಕೆಲಸ ನಿಂತಿರುವುದು ರೈತನ ಕೈಯಲ್ಲಿ ನಾಲ್ಕು ಕಾಸು ಇದ್ದರೆ ಮಾತ್ರ ಎಂದರು. ಹಾಗೆಯೇ ಆ ಕೆಲಸಗಾರರಿಗೆ ಸರಿಯಾದ ಸಂಬಳ ಸಿಕ್ಕರೆ ತಾನೇ ರೈತ ಬೆಳೆದದ್ದು ಮಾರಾಟವಾಗುವುದು? ಅಂತರ್ಜಲ ಇಳಿದು ಮೇಲ್ಮಣ್ಣು ಹಾರಿಹೋದರೆ ಹಳ್ಳಿಯವರು ಪಟ್ಟಣ ಸೇರುತ್ತಾರೆ, ಆಮೇಲೆ ಪಟ್ಟಣದಲ್ಲೂ ಕೆಲಸ ಇರುವುದಿಲ್ಲ ಎಂದು ಎಚ್ಚರಿಸಿದರು. ಗುಳೆ ಕಂಡವರಿಗೆ ಈ ಮಾತು ಎಷ್ಟು ನಿಜ ಎಂದು ಗೊತ್ತು.

ಮಾತಿನ ಜೊತೆ ಕೆಲಸವೂ ನಡೆಯಿತು. ಬೆಳೆ ಕಳೆದುಕೊಂಡವರಿಗೆ ಸುಮ್ನೆ ದುಡ್ಡು ಹಂಚದೆ, ಅವರ ಊರಿನ ಹತ್ತಿರವೇ ಕೆಲಸ ಕೊಟ್ಟು ಕೂಲಿ ಕೊಟ್ಟರು. ಸಾವಿರಾರು ಕೆರೆ ಹೊಂಡ ತೋಡಿಸಿದರು, ಬಾವಿಗಳನ್ನು ಆಳ ಮಾಡಿಸಿದರು, ಮಣ್ಣು ಕೊಚ್ಚಿಹೋಗದಂತೆ ತಡೆಯುವ ಕೆಲಸ ಹಿಡಿದರು. ಉತ್ತರ ಡಕೋಟಾದಿಂದ ಟೆಕ್ಸಾಸ್‌ವರೆಗೆ ಗಾಳಿ ತಡೆಯಲು 1942ರ ಹೊತ್ತಿಗೆ ಸುಮಾರು 22 ಕೋಟಿ ಗಿಡ ನೆಡಿಸಿದರು. ಆ ಭಾಷಣದ ಹೊತ್ತಿಗೆ ಅಧ್ಯಕ್ಷರ ಚುನಾವಣೆಗೆ ಎರಡೇ ತಿಂಗಳು ಉಳಿದಿತ್ತು. ಆದರೂ ಅಯೋವಾ ರಾಜ್ಯದ ಡಿ ಮಾಯ್ನ್ ಪಟ್ಟಣದ ಬರ ಸಭೆಯಲ್ಲಿ ಅವರ ಎದುರಾಳಿ, ಕ್ಯಾನ್ಸಸ್ ಗವರ್ನರ್ ಆಲ್ಫ್ ಲ್ಯಾಂಡನ್ ಕೂಡ ಬಂದು ಕೂತರು. ನಮ್ಮ ಕರ್ನಾಟಕದಲ್ಲೋ, 2023ರಲ್ಲಿ 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. ಕೇಂದ್ರದ ಪರಿಹಾರಕ್ಕಾಗಿ ರಾಜ್ಯ ಸರ್ಕಾರ 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ನೆನೆದರೆ ಸಂಕಟವಾಗುತ್ತದೆ.

ಹಾಗಂತ ರೂಸ್‌ವೆಲ್ಟ್ ಎಲ್ಲ ಸರಿ ಮಾಡಿದರು ಎಂದು ನಾನು ಹೇಳುವುದಿಲ್ಲ. 1935ರಲ್ಲಿ ಅವರು ಸಹಿ ಹಾಕಿದ ವ್ಯಾಗ್ನರ್ ಕಾಯ್ದೆ ಕಾರ್ಖಾನೆಯವರಿಗೆ ಸಂಘ ಕಟ್ಟಿ ಮಾಲೀಕರ ಜೊತೆ ಚೌಕಾಸಿ ಮಾಡುವ ಹಕ್ಕು ಕೊಟ್ಟಿತು. ಹೊಲದ ಕೂಲಿಯವರನ್ನೂ ಮನೆಗೆಲಸದವರನ್ನೂ ಅದರಿಂದ ಹೊರಗಿಟ್ಟರು. ಅದೇ ವರ್ಷದ ವೃದ್ಧಾಪ್ಯ ಪಿಂಚಣಿಯಿಂದಲೂ ಅವರು ಹೊರಗೆ. ದಕ್ಷಿಣದ ಕಪ್ಪು ಜನರಲ್ಲಿ ಬಹುಪಾಲು ಮಂದಿ ಈ ಎರಡೇ ಕೆಲಸ ಮಾಡುತ್ತಿದ್ದರು. 1938ರ ಕನಿಷ್ಠ ಕೂಲಿ ಕಾನೂನೂ ಹೊಲದವರನ್ನು ಮುಟ್ಟಲಿಲ್ಲ. ಅವರಿಗೆ ಅದು ಸಿಗಲು 1966ರ ತಿದ್ದುಪಡಿ ಬರಬೇಕಾಯಿತು. ಬರದಿಂದ ಊರು ಬಿಟ್ಟು ಕ್ಯಾಲಿಫೋರ್ನಿಯಾ ಕಡೆ ಹೊರಟ ಬಡವರನ್ನು 1936ರ ಫೆಬ್ರುವರಿಯಲ್ಲಿ ಲಾಸ್ ಏಂಜಲೀಸ್ ಪೊಲೀಸರು ರಾಜ್ಯದ ಗಡಿಯಲ್ಲೇ ತಡೆದು ವಾಪಸ್ ಕಳಿಸಿದ್ದರು. ಅಷ್ಟು ಚೆನ್ನಾಗಿ ಮಾತಾಡಿದ ನಾಯಕರ ಕಾನೂನಿನಲ್ಲೇ, ಬರ ಎಲ್ಲರಿಗಿಂತ ಜಾಸ್ತಿ ಹೊಡೆದವರಿಗೆ ಜಾಗ ಇರಲಿಲ್ಲ.

ನಮ್ಮಲ್ಲೂ ಈ ತಪ್ಪು ಇದೆ. 2023ರ ಬರದಲ್ಲಿ ಮಳೆಯಾಶ್ರಿತ ಬೆಳೆ ಹೋದರೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರ್‌ವರೆಗೆ ಎಂಬುದು ಕೇಂದ್ರದ ಲೆಕ್ಕವಾಗಿತ್ತು. ಪಹಣಿ ಯಾರ ಹೆಸರಲ್ಲಿದೆಯೋ ಅವರ ಖಾತೆಗೆ ಪರಿಹಾರ ಬೀಳುತ್ತದೆ. ಅದೇ ಹೊಲದಲ್ಲಿ ಕಳೆ ಕೀಳುವ, ಹತ್ತಿ ಬಿಡಿಸುವ ಹೆಣ್ಣುಮಕ್ಕಳ ಕೂಲಿ ಹೋದದ್ದು ಈ ಪರಿಹಾರದ ಪಟ್ಟಿಯಲ್ಲಿ ಬರುವುದಿಲ್ಲ. ಪಾಲಿಗೆ ಹೊಲ ಮಾಡಿದವನ ಹೆಸರೂ ಇರುವುದಿಲ್ಲ.

ಆದ್ದರಿಂದ ತಮ್ಮಲ್ಲಿ ಒಂದು ಕೋರಿಕೆ. ಬರ ನೋಡಲು ಅಧಿಕಾರಿಗಳ ತಂಡ ಬಂದಾಗ ತಮ್ಮ ವರದಿಗಾರರು ಒಣಗಿದ ತೊಗರಿಯ ಫೋಟೊ ತೆಗೆದು ಹೊರಡದಿರಲಿ. ಕೂಲಿಯವರ ಓಣಿಗೂ ಹೋಗಲಿ. ಈ ತಿಂಗಳು ಎಷ್ಟು ದಿನ ಕೆಲಸ ಸಿಕ್ಕಿತು, ಕೂಲಿ ಕೈಗೆ ಬಂತಾ, ಮನೆಯಿಂದ ಯಾರು ಗುಳೆ ಹೋಗಿದ್ದಾರೆ, ಮಕ್ಕಳನ್ನು ಯಾರ ಹತ್ತಿರ ಬಿಟ್ಟಿದ್ದಾರೆ ಎಂದು ಕೇಳಿ, ಅದನ್ನೂ ಬರದ ಸುದ್ದಿಯ ಪುಟದಲ್ಲೇ ಹಾಕಲಿ.

— ನಿವೃತ್ತ ಶಿಕ್ಷಕ, ದೇವದುರ್ಗ, ರಾಯಚೂರು ಜಿಲ್ಲೆ