ಸಿನಿಮಾ ಉಪಕರದಲ್ಲಿ ಡಿಮ್ಹಾನ್ಸ್‌ಗೂ ಪಾಲಿರಲಿ

ಮಾನ್ಯರೇ,

ಸಿನಿಮಾ ಟಿಕೆಟ್ ಮತ್ತು ಒಟಿಟಿ ಚಂದಾ ಮೇಲೆ ಶೇ 1ರಿಂದ 2ರಷ್ಟು ಉಪಕರ ಹಾಕಲು ರಾಜ್ಯ ಸರ್ಕಾರ 2024ರಲ್ಲೇ ಕಾನೂನು ಮಾಡಿದೆ. ಆ ಹಣ ಕಲಾವಿದರು, ಕಾರ್ಮಿಕರ ಕಲ್ಯಾಣಕ್ಕೆ ಹೋಗಲಿ, ತಕರಾರಿಲ್ಲ. ಆದರೆ ಪರದೆಯಿಂದ ಊರಿಗೆ ಆಗುವ ಹಾನಿಗೆ ಖರ್ಚು ಕೊಡುವವರು ಯಾರು?

ಸಂಜೆ ಹೊತ್ತು ಹುಬ್ಬಳ್ಳಿಯ ಯಾವ ಓಣಿಗೆ ಬೇಕಾದರೂ ಹೋಗಿ ನೋಡಿ. ಮೀಸೆ ಮೂಡದ ಹುಡುಗರು ರಟ್ಟಿನ ಲಾಂಗು ಹಿಡಿದು, ಬಾಯಲ್ಲಿ ಸಿಗರೇಟು ಇಟ್ಟುಕೊಂಡು, ನಾಯಕನ ಡೈಲಾಗಿಗೆ ತುಟಿ ಆಡಿಸುತ್ತಾ ರೀಲ್ಸ್ ಮಾಡುತ್ತಿರುತ್ತಾರೆ. ಲಾಂಗು ರಟ್ಟಿನದು, ಸಿಗರೇಟು ಮಾತ್ರ ನಿಜದ್ದು. ನಾಯಕ ಸ್ಟೈಲಾಗಿ ಹೊಗೆ ಬಿಡುವಾಗ ಮೂಲೆಯಲ್ಲಿ ಬರುವ ಎಚ್ಚರಿಕೆಯ ಸಾಲನ್ನು ಯಾರು ಓದುತ್ತಾರೆ, ಹೇಳಿ! ಎಲ್ಲ ತಪ್ಪೂ ಸಿನಿಮಾದ್ದೇ ಅಂತಲ್ಲ, ಮನೆಯವರ ಪಾಲೂ ಇದೆ. ಆದರೂ ಗುಟ್ಕಾ, ಸಿಗರೇಟಿಗೆ ಹಾನಿಯ ಲೆಕ್ಕದಲ್ಲೇ ಜಾಸ್ತಿ ತೆರಿಗೆ ಹಾಕುತ್ತೇವೆ ಅಲ್ವಾ? ಅವನ್ನು ಚೆಂದ ಮಾಡಿ ತೋರಿಸಿ ದುಡ್ಡು ಮಾಡುವವರಿಗೆ ಮಾತ್ರ ಏಕೆ ವಿನಾಯಿತಿ?

ಚಟಕ್ಕೆ ಬಿದ್ದ ಮಕ್ಕಳನ್ನು ಕರೆದುಕೊಂಡು ಹಾವೇರಿ, ಗದಗ ಕಡೆಯ ತಂದೆ-ತಾಯಿ ಕೊನೆಗೆ ಬರುವುದು ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ. ದಿನದ ಕೂಲಿ ಬಿಟ್ಟು, ಬಸ್ ಚಾರ್ಜ್ ಹೊಂದಿಸಿಕೊಂಡು ಬರುವ ಜನ ಇವರು.

ಹೊಡೆದಾಟ, ಕುಡಿತವನ್ನೇ ಬಂಡವಾಳ ಮಾಡಿಕೊಂಡ ದೊಡ್ಡ ಬಜೆಟ್‌ನ ಚಿತ್ರ, ವೆಬ್ ಸರಣಿಗಳಿಗೆ ಉಪಕರ ಹೆಚ್ಚಿಸಬೇಕು. ಹೆಚ್ಚುವರಿ ಹಣ ಡಿಮ್ಹಾನ್ಸ್‌ಗೆ ಮತ್ತು ಜಿಲ್ಲಾ ಆಸ್ಪತ್ರೆಗಳ ವ್ಯಸನಮುಕ್ತಿ ಚಿಕಿತ್ಸೆಗೆ ನೇರವಾಗಿ ಹೋಗಲಿ. ಜಾತ್ರೆಗಳಲ್ಲಿ ಟೆಂಟ್ ಹಾಕಿ ಹೊಟ್ಟೆ ಹೊರೆಯುವ ನಾಟಕ ಕಂಪನಿಗಳನ್ನು ಮಾತ್ರ ಇದರಿಂದ ದೂರ ಇಡಿ. ಅವರ ಕಷ್ಟ ಅವರಿಗೇ ಸಾಕಾಗಿದೆ.

– ಒಬ್ಬ ಓದುಗ, ಹಳೇ ಹುಬ್ಬಳ್ಳಿ