ಲೇಬಲ್‌ನಲ್ಲಿ ಒಂದು ಸೊನ್ನೆ ಬಿಟ್ಟಿರಿ, ನನ್ನ ಒಂಬತ್ತು ಟಿಕಿ ಮಗ್ ಕರಗಿ ಹೋದವು

ಗ್ರಾಹಕ ಸೇವಾ ವಿಭಾಗದವರಿಗೆ,

ನಮಸ್ಕಾರ.

ಇದು ನಾನು ನಿಮಗೆ ಬರೆಯುತ್ತಿರುವ ನಾಲ್ಕನೇ ಪತ್ರ. ಹಿಂದಿನ ಮೂರಕ್ಕೂ ನೀವು ಉತ್ತರ ಕೊಟ್ಟಿದ್ದೀರಿ, ಇಲ್ಲ ಅನ್ನಲ್ಲ. ಆದರೆ ನಾನು ಕೇಳಿದ್ದಕ್ಕೆ ಒಂದರಲ್ಲೂ ಉತ್ತರ ಇರಲಿಲ್ಲ. ಹಾಗಾಗಿ ಈ ಸಲ ಮೊದಲಿಂದ ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ. ಮಣ್ಣಿನ ಪಾತ್ರೆ ಸುಡುವ ಕಿಲ್ನ್ ಗೂಡು ಅಂದ್ರೆ ಏನು ಅಂತ ಗೊತ್ತಿರುವ ಯಾರಾದರೂ ಇದನ್ನು ಓದಲಿ, ಅಷ್ಟೇ ನನ್ನ ಮೊದಲ ಕೋರಿಕೆ.

ನಾನು ನಿಮ್ಮಿಂದ ಒಂದು ದೊಡ್ಡ ಬಕೆಟ್ ಬಿಳಿ ಕಾಸ್ಟಿಂಗ್ ಸ್ಲಿಪ್ ತರಿಸಿಕೊಂಡೆ, ಅದೇ ಅಚ್ಚಿಗೆ ಸುರಿಯುವ ತೆಳು ಮಣ್ಣು. ಲೇಬಲ್ ಮೇಲೆ ದಪ್ಪ ಅಕ್ಷರದಲ್ಲಿ ‘ಕೋನ್ 6’ ಅಂತಿತ್ತು. ಕೋನ್ ಅಂದ್ರೆ ಮಣ್ಣನ್ನ ಎಷ್ಟು ಬಿಸಿಗೆ ಸುಡಬೇಕು ಅನ್ನುವ ಅಳತೆ. ನಾನು ಆರ್ಡರ್ ಮಾಡಿದ್ದೂ ಅದನ್ನೇ, ಬಿಲ್ಲಿನಲ್ಲಿರುವುದೂ ಅದೇ. ಒಳಗಿದ್ದದ್ದು ಕೋನ್ 06.

ಒಂದು ಸೊನ್ನೆ ತಾನೇ ಅಂತ ನಿಮ್ಮಲ್ಲಿ ಯಾರಿಗಾದರೂ ಅನ್ನಿಸಿರಬಹುದು. ಕೋನ್ ಲೆಕ್ಕದಲ್ಲಿ ಮುಂದೆ ಸೊನ್ನೆ ಇದ್ದರೆ ಎಣಿಕೆ ಉಲ್ಟಾ ಹೋಗುತ್ತೆ. 06ಕ್ಕಿಂತ 05 ಬಿಸಿ, 05ಕ್ಕಿಂತ 04 ಬಿಸಿ, ಹೀಗೇ 01ರವರೆಗೆ ಬಂದು ಆಮೇಲೆ 1, 2, 3 ಅಂತ ಮೇಲಕ್ಕೆ ಹತ್ತುತ್ತೆ. 06 ಅಂದ್ರೆ ಹೆಚ್ಚುಕಮ್ಮಿ 1000 ಡಿಗ್ರಿ ಸೆಲ್ಸಿಯಸ್. 6 ಅಂದ್ರೆ ಹತ್ತಿರ ಹತ್ತಿರ 1220. ನಡುವೆ 11 ಮೆಟ್ಟಿಲು. ಮಣ್ಣು ಮಾರುವವರಿಗೆ ಮಣ್ಣು ಕೊಂಡವಳು ಇದನ್ನ ಹೇಳಿಕೊಡಬೇಕಾಗಿ ಬಂತಲ್ಲ, ಅದೇ ಬೇಜಾರು.

ಇನ್ನು ಮಗ್ ವಿಷಯ, ಅದೇ ಮುಖದ ಆಕಾರದ ಟಿಕಿ ಮಗ್. ನಿಮ್ಮ ಎರಡನೇ ಉತ್ತರದಲ್ಲಿ ‘ಅಲಂಕಾರದ ವಸ್ತು ಸ್ವಲ್ಪ ಸೊಟ್ಟ ಆಗುವುದು ಸಹಜ’ ಅಂತ ಬರೆದಿದ್ದೀರಿ. ಟಿಕಿ ಮಗ್ ಅಲಂಕಾರದ ವಸ್ತು ಅಲ್ಲ, ಅದರಲ್ಲಿ ಕುಡೀತಾರೆ. ಅದೇ ಪತ್ರದಲ್ಲಿ ‘ನಿಮ್ಮ ವಿಗ್ರಹಗಳಿಗೆ ಆದ ಹಾನಿಗೆ ವಿಷಾದ’ ಅಂತಲೂ ಇತ್ತು. ಅವು ವಿಗ್ರಹಗಳೂ ಅಲ್ಲ. ಟಿಕಿ ಅಂದರೆ ನ್ಯೂಜಿಲೆಂಡಿನ ಮಾವೋರಿ ಜನರ ಕಥೆಗಳಲ್ಲಿ ಮೊದಲ ಮನುಷ್ಯ. ಪಾಲಿನೇಷ್ಯಾದ ದ್ವೀಪಗಳಲ್ಲಿ ಮರದಲ್ಲಿ, ಕಲ್ಲಿನಲ್ಲಿ ಕೆತ್ತುವ ಮನುಷ್ಯನ ಆಕಾರಗಳಿಗೂ ಆ ಹೆಸರಿದೆ. ಆದರೆ ಈ ಮಗ್ ಆ ದ್ವೀಪಗಳದ್ದಲ್ಲ. ಹಾಲಿವುಡ್‌ನಲ್ಲಿ ಡಾನ್ ಬೀಚ್ ಅನ್ನುವವರು, ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ ವಿಕ್ಟರ್ ಬರ್ಜರಾನ್ ಅನ್ನುವವರು 1930ರ ದಶಕದಲ್ಲಿ ಶುರು ಮಾಡಿದ ಪಾಲಿನೇಷ್ಯಾ ಶೈಲಿಯ ಬಾರ್‌ಗಳ ಬೆನ್ನಿಗೆ ಬಂದ ಅಮೆರಿಕದ ಸರಕು ಅದು. ಇನ್ನೊಬ್ಬರ ಪೂಜ್ಯ ಕೆತ್ತನೆಯನ್ನ ನಕಲು ಮಾಡೋದು ಬೇಡ ಅಂತ ನಾನು ನನ್ನದೇ ಒಂದು ಮುಖ ಮಾಡಿದ್ದೆ. ಮೂಗು ನಮ್ಮ ಮಾವನದ್ದು. ಅವರಿಗೆ ಇನ್ನೂ ಹೇಳಿಲ್ಲ.

ಆ ಮುಖಕ್ಕೆ ನನಗೆ ಹಿಡಿದದ್ದು ಒಂದೂವರೆ ತಿಂಗಳು. ಮಣ್ಣು ಸುಟ್ಟಾಗ ಕುಗ್ಗುತ್ತೆ ಅಲ್ವಾ, ನಿಮ್ಮ ಲೇಬಲ್‌ನಲ್ಲಿ ಶೇ. 12 ಕುಗ್ಗುತ್ತೆ ಅಂತಿತ್ತು, ಅದನ್ನೇ ನಂಬಿ ಮೂಲ ಮುಖವನ್ನ ಅಷ್ಟು ದೊಡ್ಡದಾಗಿ ತಿದ್ದಿದೆ. ಆಮೇಲೆ ಪ್ಲಾಸ್ಟರ್ ಅಚ್ಚು. ಹುಬ್ಬಿನ ಕೆಳಗೂ ಹಲ್ಲಿನ ಸಂದಿಯಲ್ಲೂ ಅಚ್ಚು ಕಚ್ಚಿಕೊಳ್ಳುತ್ತಿದ್ದರಿಂದ ಎರಡು ಭಾಗ ಸಾಲಲಿಲ್ಲ, ಮೂರು ಮಾಡಬೇಕಾಯಿತು. 100 ಪಾಲು ಪ್ಲಾಸ್ಟರ್‌ಗೆ 70 ಪಾಲು ನೀರು, ತೂಗಿ ತೂಗಿ ಹಾಕಿದ್ದು. ಮೊದಲನೇ ಅಚ್ಚಿನಲ್ಲಿ ಮೂಗಿನ ತುದಿಗೇ ಗಾಳಿಗುಳ್ಳೆ ಬಂದು ಅದನ್ನ ಎಸೆದೆ. ಎರಡನೆಯದು ಚೆನ್ನಾಗಿ ಬಂತು, ಅದು ಒಣಗಲಿಕ್ಕೇ ಒಂದು ವಾರಕ್ಕಿಂತ ಜಾಸ್ತಿ ಹಿಡಿಯಿತು.

ಒಂದೇ ಅಚ್ಚು, ಹಾಗಾಗಿ ದಿನಕ್ಕೆ ಒಂದೇ ಮಗ್. ಸ್ಲಿಪ್ ತುಂಬಿಸಿ ಇಪ್ಪತ್ತು ನಿಮಿಷ ಬಿಟ್ಟರೆ ಪ್ಲಾಸ್ಟರ್ ನೀರು ಹೀರಿಕೊಂಡು ಒಳಗೋಡೆಗೆ ಮಣ್ಣು ಕಟ್ಟುತ್ತೆ. ಉಳಿದದ್ದನ್ನ ವಾಪಸ್ ಬಕೆಟ್‌ಗೆ ಸುರಿದು ಅಚ್ಚನ್ನ ತಲೆಕೆಳಗಾಗಿ ಇಡಬೇಕು. ಕೆಲವು ಗಂಟೆ ಆದಮೇಲೆ ರಬ್ಬರ್ ಬ್ಯಾಂಡ್ ತೆಗೆದು ಮೊದಲ ಭಾಗ ಎತ್ತಿದಾಗ ಆ ಮುಖ ಒದ್ದೆಒದ್ದೆಯಾಗಿ ನಿಮ್ಮನ್ನೇ ನೋಡುತ್ತೆ. ಅದನ್ನ ನೋಡಿದವರಿಗೇ ಗೊತ್ತು. ಹೀಗೆ ಒಂಬತ್ತು ದಿನ, ಒಂಬತ್ತು ಮಗ್. ಎಂಟು ಸ್ನೇಹಿತರಿಗೆ, ಒಂದು ನನಗೆ. ಎಲ್ಲದರ ಜೋಡಣೆ ಗೆರೆ ಕೆರೆದು, ಸ್ಪಂಜಿನಲ್ಲಿ ಒರೆಸಿ, ಪೂರ್ತಿ ಒಣಗಿಸಿ, ಕೋನ್ 04ಕ್ಕೆ ಮೊದಲನೇ ಸುಡುವಿಕೆ ಮಾಡಿದೆ. ಒಂದೂ ಒಡೆಯಲಿಲ್ಲ. ಅಲ್ಲೇ ಏನಾದರೂ ಎಡವಟ್ಟು ಕಂಡಿದ್ದರೆ ಚೆನ್ನಾಗಿತ್ತು. ಆದರೆ ಆ ಹಂತದಲ್ಲಿ 06ರ ಮಣ್ಣೂ 6ರ ಮಣ್ಣೂ ಬೆಳ್ಳಗೇ ಇರುತ್ತವೆ, ನೋಡಿ ಹೇಳಲಿಕ್ಕೆ ಆಗಲ್ಲ.

ಆಮೇಲೆ ಗ್ಲೇಜ್, ಅಂದ್ರೆ ಸುಟ್ಟಾಗ ಗಾಜಿನಂತಾಗುವ ಲೇಪ, ಹಚ್ಚಿ ಕೋನ್ 6ಕ್ಕೆ ಸುಟ್ಟೆ. ಕಿಲ್ನ್ ಆರಲಿ ಅಂತ ಒಂದು ದಿನ ಪೂರ್ತಿ ಕಾದು ಮುಚ್ಚಳ ಎತ್ತಿದರೆ ಮೇಲಿನ ಎರಡು ಶೆಲ್ಫ್‌ಗಳಲ್ಲಿ ಮಗ್ ಇರಲೇ ಇಲ್ಲ. ಕಂದು-ಹಸಿರು ಗಾಜಿನ ಕೊಚ್ಚೆ, ಅದರ ಮೇಲೆಲ್ಲ ಗುಳ್ಳೆ. ಅಂಚಿನಿಂದ ಇಳಿದು ಕೆಳಗಿನ ಶೆಲ್ಫ್‌ಗೂ ತೊಟ್ಟಿಕ್ಕಿತ್ತು. ತಳದಲ್ಲಿ ಬಿಸಿ ಸ್ವಲ್ಪ ಕಮ್ಮಿ ಇರುವುದರಿಂದ ಅಲ್ಲಿ ಇಟ್ಟಿದ್ದ ಒಂದು ಮಾತ್ರ ಪೂರ್ತಿ ಕರಗದೆ ಮಂಡಿಯೂರಿ ಕೂತಿತ್ತು. ಒಂದು ಕಣ್ಣು, ಒಂದು ಹುಬ್ಬು, ಮಾವನ ಮೂಗಿನ ಅರ್ಧ ಮೇಲೆ, ಉಳಿದದ್ದೆಲ್ಲ ಒಳಗೆ. ಕೆರೆಯಲ್ಲಿ ಮುಳುಗುತ್ತಿರುವವನು ಕೊನೇ ಸಲ ತಲೆ ಎತ್ತಿದ ಹಾಗೆ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ, ಮುಚ್ಚಳ ಮುಚ್ಚಿ ಒಳಗೆ ಹೋದೆ.

ಮೂರು ಶೆಲ್ಫ್‌ಗಳಲ್ಲಿ ಎರಡು ಹಾಳು. ಶೆಲ್ಫ್‌ಗೆ ಏನೂ ಅಂಟದಿರಲಿ ಅಂತ ಕಿಲ್ನ್ ವಾಶ್ ಅನ್ನುವ ಲೇಪ ಬಳಿದಿದ್ದೆ, ಆದರೂ ಅಷ್ಟು ಗಾಜನ್ನ ಅದು ತಡೆಯಲಿಲ್ಲ. ಕನ್ನಡಕ ಹಾಕಿಕೊಂಡು ಉಳಿಯಿಂದ ಬಿಡಿಸಲಿಕ್ಕೆ ಹೋದರೆ ಶೆಲ್ಫ್ ಚಕ್ಕೆಯೇ ಎದ್ದು ಬಂತು. ಒಂದು ತೊಟ್ಟು ಪಕ್ಕದ ಇಟ್ಟಿಗೆಗೆ ಬಿದ್ದು ಅಲ್ಲೊಂದು ತೂತು. ಇನ್ನೊಂದು ಬಿಸಿ ಮಾಡುವ ಸುರುಳಿ ತಂತಿಯ ಮೇಲೇ ಬಿದ್ದಿದೆ, ಆ ತಂತಿ ಈಗ ಸತ್ತಿದೆ. ಫೋಟೋಗಳನ್ನ ಮೊದಲ ಪತ್ರದ ಜೊತೆಗೇ ಕಳಿಸಿದ್ದೆ, ಈಗ ಮತ್ತೆ ಕಳಿಸುತ್ತಿದ್ದೇನೆ.

ನಿಮ್ಮ ಮೊದಲನೇ ಉತ್ತರ: ‘ನಿಮ್ಮ ಕಿಲ್ನ್ ಅಗತ್ಯಕ್ಕಿಂತ ಹೆಚ್ಚು ಬಿಸಿಯಾಗಿರಬೇಕು.’ ಆಗಿಲ್ಲ. ನೋಡುವ ಕಿಂಡಿಯ ಎದುರಿಗೆ 5, 6, 7 ಮೂರೂ ಸಾಕ್ಷಿ ಕೋನ್ ಇಟ್ಟಿದ್ದೆ, ಅದೇ ತನ್ನ ನಂಬರಿನ ಬಿಸಿ ತಲುಪಿದಾಗ ಬಾಗುವ ಪುಟ್ಟ ಶಂಕುಗಳು. 5 ಪೂರ್ತಿ ಮಲಗಿದೆ, 6 ಬಾಗಿ ತುದಿ ನೆಲ ಮುಟ್ಟಿದೆ, 7 ನೆಟ್ಟಗೆ ನಿಂತಿದೆ. ಇದಕ್ಕಿಂತ ಸರಿಯಾಗಿ ಕೋನ್ 6 ಸುಡಲಿಕ್ಕೆ ನನ್ನಿಂದ ಆಗಲ್ಲ, ನಿಮ್ಮಿಂದಲೂ ಆಗಲ್ಲ. ಎರಡನೆಯದು ಆ ವಿಗ್ರಹದ ಉತ್ತರ. ಮೂರನೆಯದರಲ್ಲಿ ಒಂದು ಮಗ್ ಸುಟ್ಟು ಪರೀಕ್ಷೆ ಮಾಡಬೇಕಿತ್ತು ಅಂದಿರಿ, ತೆರೆದ ಬಕೆಟ್ ವಾಪಸ್ ತಗೊಳ್ಳಲ್ಲ ಅಂದಿರಿ, ಮುಂದಿನ ಖರೀದಿಗೆ ಶೇ. 10 ರಿಯಾಯಿತಿ ಅಂದಿರಿ.

ಪರೀಕ್ಷೆ ವಿಷಯ ಒಪ್ಪುತ್ತೇನೆ. ಹೊಸ ಮಣ್ಣು ಬಂದಾಗ ಒಂದು ಸಣ್ಣ ತುಂಡು ಸುಟ್ಟು ನೋಡಬೇಕು, ನಾನು ನೋಡಲಿಲ್ಲ, ಅದು ನನ್ನ ತಪ್ಪೇ. ಆದರೆ ಪರೀಕ್ಷೆ ಮಾಡೋದು ಬಣ್ಣ ಹೇಗೆ ಬರುತ್ತೆ, ಗ್ಲೇಜ್ ಕೂರುತ್ತಾ ಅಂತ ನೋಡಲಿಕ್ಕೆ. ಬಕೆಟ್ ಮೇಲೆ ಬರೆದಿರೋದು ನಿಜವಾ ಸುಳ್ಳಾ ಅಂತ ನೋಡಲಿಕ್ಕಲ್ಲ.

ಈಗ ಹೊಸ ವಿಷಯ. ಮೊನ್ನೆ ಖಾಲಿ ಆಗುತ್ತಾ ಬಂದ ಆ ಬಕೆಟ್ ತೊಳೆಯುವಾಗ ಲೇಬಲ್‌ನ ಮೂಲೆ ನೆನೆದು ಎದ್ದಿತು. ಎಳೆದೆ. ಕೆಳಗೆ ಇನ್ನೊಂದು ಲೇಬಲ್. ಅದೇ ಬ್ಯಾಚ್ ನಂಬರ್, ಅದೇ ತಾರೀಖು, ಕೋನ್ ಅಂತ ಇರುವ ಕಡೆ 06. ಅಂದರೆ ಮೊದಲು ಸರಿಯಾಗಿ ಅಂಟಿಸಿದ್ದಿರಿ, ಆಮೇಲೆ ಯಾರೋ ಅದರ ಮೇಲೆ ತಪ್ಪು ಲೇಬಲ್ ಅಂಟಿಸಿದ್ದಾರೆ. ಎರಡೂ ಕಾಣುವ ಹಾಗೆ ಫೋಟೋ ತೆಗೆದಿದ್ದೇನೆ, ಲಗತ್ತಿಸಿದೆ. ಬಕೆಟ್ ಎಸೆದಿಲ್ಲ. ಬೇಕಿದ್ದರೆ ಯಾರನ್ನಾದರೂ ಕಳಿಸಿ, ನೋಡಿಕೊಂಡು ಹೋಗಲಿ.

ನನಗೆ ಬೇಕಾದದ್ದು ಇಷ್ಟು. ಸ್ಲಿಪ್‌ನ ಹಣ ವಾಪಸ್. ಎರಡು ಶೆಲ್ಫ್, ಒಂದು ಸುರುಳಿ ತಂತಿ, ಇಟ್ಟಿಗೆ ರಿಪೇರಿ, ಇವುಗಳ ಖರ್ಚು, ಬಿಲ್ಲುಗಳು ಜೊತೆಗಿವೆ. ನನ್ನ ಒಂದೂವರೆ ತಿಂಗಳಿಗೆ ಬೆಲೆ ಕೇಳುತ್ತಿಲ್ಲ, ಅಚ್ಚು ಉಳಿದಿದೆ, ಮತ್ತೆ ಹೊಯ್ಯುತ್ತೇನೆ. ಇದೆಲ್ಲಕ್ಕಿಂತ ಅರ್ಜೆಂಟ್ ಇರೋದು ಇನ್ನೊಂದು: ಆ ಬ್ಯಾಚಿನ ಬಕೆಟ್ ಇನ್ನೂ ಯಾರ್ಯಾರ ಮನೆಯಲ್ಲಿದೆಯೋ ಅವರಿಗೆಲ್ಲ ಇವತ್ತೇ ತಿಳಿಸಿ. ಬ್ಯಾಚ್ ನಂಬರ್ ಫೋಟೋದಲ್ಲಿದೆ. ಈ ಪತ್ರ ಓದುತ್ತಿರುವ ಹೊತ್ತಿಗೇ ಯಾರೋ ಒಬ್ಬರು ಗ್ಲೇಜ್ ಹಚ್ಚಿ ಮುಗಿಸಿ ಕಿಲ್ನ್ ತುಂಬುತ್ತಿರಬಹುದು. ನನಗೆ ಉತ್ತರ ಕೊಡಲಿಕ್ಕೆ ಎರಡು ವಾರ ತಗೊಳ್ಳಿ, ಅವರಿಗೆ ತಗೋಬೇಡಿ.

ರಿಯಾಯಿತಿ ಬೇಡ.

ಇಂತಿ,
ನಿಮ್ಮ ಹಳೇ ಗ್ರಾಹಕಿ

ಮರೆತಿದ್ದೆ: ತಳದಲ್ಲಿ ಉಳಿದಿದ್ದ ಸ್ಲಿಪ್‌ನಲ್ಲಿ ಒಂದು ಸಣ್ಣ ಬಟ್ಟಲು ಹೊಯ್ದು, ಗೆಳತಿಯ ಕಿಲ್ನ್‌ನಲ್ಲಿ 06ಕ್ಕೆ ಸುಟ್ಟು ನೋಡಿದೆ. ಒಂದು ಸೀಳಿಲ್ಲ, ಒಂದು ಗುಳ್ಳೆ ಇಲ್ಲ, ತುಂಬಾ ಚೆನ್ನಾಗಿ ಬಂದಿದೆ. ಅದರ ಫೋಟೋನೂ ಹಾಕಿದ್ದೇನೆ.